ಪದದ ಬಾಲ, ಭಾಗ 6: ‘ಓಮಾ’ ಅಂದ್ರೆ ಗಡ್ಡೆನಾ?

ಎಕ್ಸಾಮ್ ಹತ್ರ ಬಂತು, ಕ್ಲಾಸ್ ಗ್ರೂಪಲ್ಲಿ ಮತ್ತೆ ಅದೇ ಪಿಡಿಎಫ್ ಓಡಾಡ್ತಿದೆ. ‘ಐಟಿಸ್’ ಅಂದ್ರೆ ಉರಿಯೂತ, ‘ಎಕ್ಟಮಿ’ ಅಂದ್ರೆ ಕತ್ತರಿಸಿ ತೆಗೆಯೋದು, ‘ಓಮಾ’ ಅಂದ್ರೆ ಗಡ್ಡೆ. ಒಂದು ಬಾಲಕ್ಕೆ ಒಂದೇ ಅರ್ಥ. ಫಸ್ಟ್ ಇಯರಲ್ಲಿ ನಾನೂ ಇದನ್ನೇ ಉರು ಹೊಡೆದವನು.

ಆ ಪಟ್ಟಿ ಬೇಡ ಅಂತಿಲ್ಲ. ಕನ್ನಡ ಮೀಡಿಯಂನಿಂದ ಬಂದ ನನ್ನಂಥವರಿಗೆ ಅದು ದೊಡ್ಡ ಆಸರೆ. ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ಎಲ್ಲ ಒಂದೇ ಏಟಿಗೆ ಅರ್ಥ ಆಗುತ್ತೆ. (ಇವು ಗ್ರೀಕ್ ಬಾಲಗಳು ಮಾರಾಯ್ರೇ. ಇಂಗ್ಲಿಷ್ ಮೀಡಿಯಂನವರೂ ಹುಟ್ಟುತ್ತಾ ಕಲಿತು ಬಂದಿಲ್ಲ. ಲ್ಯಾಬಲ್ಲಿ ತಲೆ ತಗ್ಗಿಸಬೇಡಿ.)

ನನ್ನ ತಕರಾರು ‘ಓಮಾ’ ಬಗ್ಗೆ.

ಹೋದ ವರ್ಷ ಅಜ್ಜಿಯನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಬಂದ್ರು. ಚೀಟೀಲಿ ‘ಗ್ಲಾಕೋಮಾ’ ಅಂತಿತ್ತು. “ಸೈನ್ಸ್ ಓದ್ತೀಯಲ್ಲ, ಏನೋ ಇದು?” ಅಂದ್ರು ಅಪ್ಪ. ಕಾರ್ಸಿನೋಮಾ, ಲಿಂಫೋಮಾ, ಗ್ಲಾಕೋಮಾ. ಲೆಕ್ಕ ಸರಿಯಾಗೇ ಕೂತಿತು. “ಕಣ್ಣಲ್ಲಿ ಗಡ್ಡೆ” ಅಂದೆ.

ಆ ರಾತ್ರಿ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಅಜ್ಜಿ ತನ್ನ ಓಲೆ ಯಾರಿಗೆ ಹೋಗಬೇಕು ಅಂತ ಅತ್ತೆಗೆ ಹೇಳ್ತಾ ಕೂತಿದ್ಲು.

ಬೆಳಿಗ್ಗೆ ಮೆಡಿಕಲ್ ಶಾಪಲ್ಲಿ ಕೇಳಿದ್ರೆ, ಗಡ್ಡೆ ಅಲ್ಲವೇ ಅಲ್ಲ. ಎಲ್ಲರಿಗೂ ನಿರಾಳ. ಎಷ್ಟು ನಿರಾಳ ಅಂದ್ರೆ, ಮೂರು ವಾರ ಡ್ರಾಪ್ಸ್ ಹಾಕೋದನ್ನೇ ಬಿಟ್ಟುಬಿಟ್ವಿ. ಗಡ್ಡೆ ಅಲ್ವಲ್ಲ, ಇನ್ನೇನು! ಮುಂದಿನ ಸಲ ಡಾಕ್ಟರ್ ಬೈದ ಮೇಲೆ ತಿಳೀತು. ಗ್ಲಾಕೋಮಾ ಅಂದ್ರೆ ಕಣ್ಣಿಂದ ಮಿದುಳಿಗೆ ಹೋಗೋ ನರ ಹಾಳಾಗೋ ಕಾಯಿಲೆ. ಬಹಳ ಸಲ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಹೀಗಾಗುತ್ತೆ. ಹೆಚ್ಚಿನವರಿಗೆ ನೋವೂ ಇರಲ್ಲ, ನೋಟ ಅಂಚಿನಿಂದ ಮೆಲ್ಲಗೆ ಹೋಗ್ತಾ ಇರುತ್ತೆ. ಹೋದ ನೋಟ ವಾಪಸ್ ಬರಲ್ಲ. ಡ್ರಾಪ್ಸ್ ಇರೋದು ಉಳಿದದ್ದನ್ನ ಉಳಿಸಿಕೊಳ್ಳೋಕೆ. ನನ್ನ ಅರ್ಧ ಜ್ಞಾನ ಮೊದಲು ಹೆದರಿಸಿತು, ಆಮೇಲೆ ಮೈಮರೆಸಿತು. ಎರಡನೇದೇ ಹೆಚ್ಚು ಅಪಾಯದ್ದು.

ಹಾಗಾದ್ರೆ ಪಟ್ಟಿ ಸುಳ್ಳಾ? ಪೂರ್ತಿ ಸುಳ್ಳಲ್ಲ. ‘ಓಮಾ’ಗೆ ಗಡ್ಡೆ ಅನ್ನೋ ಅರ್ಥ ಅಂಟಿಸಿದ್ದು ವೈದ್ಯಶಾಸ್ತ್ರ. ಮೂಲ ಗ್ರೀಕಲ್ಲಿ ಆ ‘ಮಾ’ ಬರೀ ನಾಮಪದ ಮಾಡೋ ಪ್ರತ್ಯಯ. ಗ್ಲಾಕೋಮಾ ಬಂದದ್ದು ನೀಲಿ-ಬೂದು ಬಣ್ಣದ ಹೆಸರಿಂದ. ಹೆಮಟೋಮಾ ಅಂದ್ರೆ ರಕ್ತನಾಳದಿಂದ ಹೊರಬಂದ ರಕ್ತ ಒಂದೆಡೆ ತುಂಬಿ ನಿಲ್ಲೋದು, ಕ್ಯಾನ್ಸರ್ ಅಲ್ಲ. ಟ್ರಕೋಮಾ ಕಣ್ಣಿನ ಸೋಂಕು. ಇನ್ನು ಡಿಪ್ಲೊಮಾ? ಮಡಿಚಿದ ಪತ್ರ. ನಮ್ಮ ಪಾಲಿಟೆಕ್ನಿಕ್ ಫ್ರೆಂಡ್ಸಿಗೆ ಯಾವ ಗಡ್ಡೆನೂ ಇಲ್ಲ.

ಕನ್ನಡದಲ್ಲೂ ಹೀಗೇ ಅಲ್ವಾ? ಬಳೆಗಾರ ಬಳೆ ಮಾರ್ತಾನೆ. ಸಾಲಗಾರ ಸಾಲ ಮಾರಲ್ಲ, ತಗೊಂಡಿರ್ತಾನೆ. ಇದನ್ನ ನಾವು ಪಟ್ಟಿ ನೋಡಿ ಕಲೀಲಿಲ್ಲ, ಪದ ಆಡೋರ ಮಧ್ಯೆ ಬೆಳೆದು ಕಲಿತ್ವಿ. ಇಂಗ್ಲಿಷ್ ಪದಕ್ಕೆ ಆ ಮಧ್ಯೆ ನಮಗಿಲ್ಲ. ಹಾಗಾಗಿ ಪಟ್ಟಿ ಮಾಡೋರು ಪ್ರತಿ ಬಾಲದ ಪಕ್ಕ ಅದಕ್ಕೆ ಒಗ್ಗದ ಎರಡು ಪದಾನೂ ಬರೀಲೇಬೇಕು ಅನ್ನೋದು ನನ್ನ ಹಟ. ‘ಓಮಾ’ ಪೇಜಿಗೆ ನಾನೇ ಸೇರಿಸಿ ಗ್ರೂಪಿಗೆ ಹಾಕಿದೀನಿ, ಹಳೇದನ್ನ ಡಿಲೀಟ್ ಮಾಡ್ರಪ್ಪ.

ಅಜ್ಜಿ ಬಾಯಲ್ಲಿ ಅದೀಗ ‘ಗ್ಲಾಕಮ್ಮ’ ಆಗಿದೆ. ರಾತ್ರಿ ಒಂಬತ್ತಾದ್ರೆ ಸಾಕು, “ಗ್ಲಾಕಮ್ಮಂಗೆ ಹನಿ ಹಾಕು ಬಾರೋ” ಅಂತ ಕೂಗ್ತಾಳೆ.

#ಪದದಬಾಲ #ಕನ್ನಡಮೀಡಿಯಂ