ಶರೀಫಜ್ಜನ ಪದ ಲಂಡನ್ ನೋಡಿತು, ನಮ್ಮ ಮ್ಯಾಳಕ್ಕೆ ಮಾತ್ರ ಮಧ್ಯಾಹ್ನದ ಬಿಸಿಲು

ಮೊನ್ನೆ ನವಿಲುತೀರ್ಥದಲ್ಲಿ ಆಣೆಕಟ್ಟಿನ ಹತ್ತಿರದ ಚಹಾದಂಗಡಿಯಲ್ಲಿ ಕುಳಿತಿದ್ದೆವು. ಪಕ್ಕದಲ್ಲಿ ಭಜನಿ ಮ್ಯಾಳದ ಹಿರಿಯರೊಬ್ಬರಿದ್ದರು. ಹರೆಯದಿಂದ ಇಲ್ಲಿಯತನಕ ಶಿಶುನಾಳ ಶರೀಫಜ್ಜನ ಪದ ಬಿಟ್ಟು ಬೇರೆ ಹಾಡಿದವರಲ್ಲ. ಮೊಬೈಲ್‌ನಲ್ಲಿ ರಘು ದೀಕ್ಷಿತ್ ಹಾಡಿದ ಗುಡಗುಡಿ ಪದ ಹಚ್ಚಿ ಅವರ ಕೈಗೆ ಕೊಟ್ಟೆವು. ಗಿಟಾರು, ಡ್ರಮ್ಮು, ಪಿಟೀಲು ಎಲ್ಲ ಒಮ್ಮೆಲೆ ಶುರುವಾದಾಗ ಅಜ್ಜನ ಹುಬ್ಬು ಮೇಲೇರಿತು. ಪೂರ್ತಿ ಕೇಳಿದರು.

"ಪದ ನಮ್ಮದ ಐತಿ ತಮ್ಮಾ, ಖರೆ ಹುಡುಗ ಭಾಳ ಗಡಿಬಿಡ್ಯಾಗ ಅದಾನ" ಅಂದರು. ಚಹಾ ಮುಗಿಸಿ, "ಇನ್ನೊಮ್ಮೆ ಹಚ್ಚು" ಅಂದರು.

ಆ 'ಹುಡುಗ' ಹುಟ್ಟಿದ್ದು 1974ರಲ್ಲಿ. ಅಜ್ಜನಿಗೆ ನಾವು ಅದನ್ನು ಹೇಳಲಿಲ್ಲ.

ಈ ಮಾತು ಈಗ ಯಾಕೆ ಬಂತೆಂದರೆ, ಅಕ್ಟೋಬರ್ ಹತ್ತಿರ ಬಂದಂತೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚರ್ಚೆ: ಕಿತ್ತೂರು ಉತ್ಸವಕ್ಕೆ ರಾತ್ರಿ ಹಾಡಲು ಯಾರು ಬರಬೇಕು? 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗೆ ನಡೆಯುವ ಮೂರು ದಿನದ ಉತ್ಸವ ಅದು. ಒಬ್ಬರು ಸಿನಿಮಾ ಗಾಯಕರ ಹೆಸರು ಹಾಕುತ್ತಾರೆ, ಇನ್ನೊಬ್ಬರು ಡಿಜೆ ಕರೆಸಿ ಅನ್ನುತ್ತಾರೆ. ನಮ್ಮನ್ನು ಕೇಳಿದರೆ ರಘು ದೀಕ್ಷಿತ್‌ರಂಥ ರಾಕ್ ಹಾಡುಗಾರರೇ ಬರಲಿ. ಆದರೆ ಅವರೊಬ್ಬರೇ ಬಂದು ಹೋದರೆ ನಮಗೆ ದಕ್ಕಿದ್ದು ಅರ್ಧವೇ.

ಅವರ ಹಾದಿ ನಮ್ಮ ಹಳ್ಳಿ ಹುಡುಗರಿಗೆ ಗೊತ್ತಿರಬೇಕಾದ್ದು. ಮೈಸೂರಿನಲ್ಲಿ ಬೆಳೆದರು, ಭರತನಾಟ್ಯ ಕಲಿತರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನ ಸವಾಲಿಗೆ. ಮೈಸೂರಿನಲ್ಲಿ 'ಅಂತರಾಗ್ನಿ' ತಂಡ ಕಟ್ಟಿದರು. ಔಷಧ ಕಂಪನಿಯ ಕೆಲಸಕ್ಕೆಂದು ಬೆಲ್ಜಿಯಂಗೂ ಹೋಗಿ, ಹಾಡಿನ ಸಲುವಾಗಿಯೇ ವಾಪಸ್ ಬಂದರು. ಬಂದ ಮೇಲೇನು, ವರ್ಷಗಟ್ಟಲೆ ಕ್ಯಾಸೆಟ್ ಕಂಪನಿಗಳ ಬಾಗಿಲು ಬಡಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ಮುಂಬೈನ ಸಂಗೀತ ನಿರ್ದೇಶಕರ ಜೋಡಿ ವಿಶಾಲ್–ಶೇಖರ್ ಅವರ ಹಾಡು ಕೇಳಿ, 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಆಗ ಅವರಿಗೆ ಮೂವತ್ತು ದಾಟಿತ್ತು. ಅದೇ ವರ್ಷ 'ಸೈಕೋ' ಸಿನಿಮಾದ ಮಾದೇಶ್ವರನ ಹಾಡು ಬಂತು, ಊರೂರಲ್ಲಿ ರಿಂಗ್‌ಟೋನ್ ಆಯಿತು. 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ', ಆಮೇಲೆ 2020ರಲ್ಲಿ 'ಲವ್ ಮಾಕ್‌ಟೇಲ್'. ಸಿನಿಮಾದ ಪಟ್ಟಿ ಇಷ್ಟಕ್ಕೆ ಸಾಕು.

ನಮಗೆ ಮುಖ್ಯ ಆ ಮೊದಲ ಆಲ್ಬಂ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫಜ್ಜನ ಎರಡು ಪದಗಳಿದ್ದವು, ಗುಡಗುಡಿಯದೊಂದು, ಸೋರುವ ಮಾಳಿಗಿಯದೊಂದು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು 2010ರಲ್ಲಿ ಲಂಡನ್‌ನ ಬಿಬಿಸಿ ಟಿವಿಯಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಜಾತ್ರೆಗೂ ಹೋದರು. ಜಾತ್ರೆಯೆಂದೇ ಅನ್ನಬೇಕು: ಹೊಲದಲ್ಲಿ ನಡೆಯುತ್ತದೆ, ಮಳೆಯಾದರೆ ಕೆಸರು, ಜನ ಡೇರೆ ಹಾಕಿ ಮಲಗುತ್ತಾರೆ. ನಮ್ಮ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಿಂತ ಬಹಳ ಬೇರೆಯೇನಲ್ಲ.

ಮಾಳಿಗಿಯ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಅಜ್ಞಾನದಿಂದ ಸೋರುವ ಮನಸ್ಸಿನ ಪದ ಅದು. ಆದರೆ ಮಲಪ್ರಭೆಯ ದಂಡೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. 2019ರ ಆಗಸ್ಟ್‌ನಲ್ಲಿ ಇದೇ ನವಿಲುತೀರ್ಥದಿಂದ ನೀರು ಬಿಟ್ಟಾಗ ಮುನವಳ್ಳಿಯಿಂದ ರಾಮದುರ್ಗದವರೆಗೆ ಮಣ್ಣಿನ ಮನೆಗಳು ಕುಸಿದವು. ಆ ಮಳೆಗಾಲದ ನಂತರ ಶ್ರಾವಣದ ಭಜನೆಯಲ್ಲಿ ಈ ಪದ ಬಂದಾಗ ಗುಡಿಯ ಕಟ್ಟೆಯ ಮೇಲೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವು ನೋಡಿದ್ದೇವೆ. ಅದು ಗಿಟಾರಿಗೆ ದಕ್ಕುವುದು ಕಷ್ಟ. ಕೂತು ಹಾಡುವ ಮ್ಯಾಳಕ್ಕೆ ದಕ್ಕುತ್ತದೆ.

ಹಾಗೆಂದು "ಪದ ಕೆಡಿಸಿದರು" ಎನ್ನುವವರ ಪಂಕ್ತಿಯಲ್ಲಿ ನಾವಿಲ್ಲ. ಸಿ. ಅಶ್ವತ್ಥ್ ಹಾಡಿದ ಧಾಟಿ ಯಾವ ಊರಿನ ಭಜನೆಯದು? ಅದು ಅವರದೇ. 1990ರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದ ಮೇಲೆ ನಮ್ಮ ಮ್ಯಾಳದ ಹುಡುಗರೂ ಅಶ್ವತ್ಥರ ಧಾಟಿಯನ್ನೇ ಹಿಡಿದರು, ಯಾರೂ ಜಗಳಕ್ಕೆ ಬರಲಿಲ್ಲ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರಿಗೆ ಶಿಷ್ಯನಾದ ಶರೀಫಜ್ಜ ಡ್ರಮ್ಮಿಗೆ ಅಂಜುವ ಆಸಾಮಿಯಲ್ಲ.

ನಮ್ಮ ತಕರಾರು ಬೇರೆ. ಕೆಲ ವರ್ಷಗಳ ಹಿಂದೆ ಒಂದು ಉತ್ಸವದ ವರದಿಗೆ ಹೋಗಿದ್ದೆವು, ಯಾವುದೆಂದು ಬೇಡ. ಸ್ಥಳೀಯ ಭಜನಿ ಮ್ಯಾಳಕ್ಕೆ ಮಧ್ಯಾಹ್ನ ಎರಡೂವರೆಗೆ ಹದಿನೈದು ನಿಮಿಷ. ಎದುರಿಗೆ ಖಾಲಿ ಖುರ್ಚಿ. ಎರಡನೇ ಪದದ ನಡುವೆ ರಾತ್ರಿಯ ಕಾರ್ಯಕ್ರಮದ ಸೌಂಡ್ ಪರೀಕ್ಷೆ ಶುರುವಾಯಿತು. ತಾಳ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಬಸ್ ಖರ್ಚಿನ ಚೀಟಿಗೆ ಸಹಿ ಮಾಡಿಸಿಕೊಂಡರು, ದುಡ್ಡು ಯಾವಾಗ ಬರುತ್ತದೆಂದು ಹೇಳಲಿಲ್ಲ.

ನಾವೇನು ಬರೆದೆವು? "ಸ್ಥಳೀಯ ಕಲಾವಿದರಿಂದ ಸಾಂಸ್ಕೃತಿಕ ಕಾರ್ಯಕ್ರಮ ನಡೆಯಿತು." ಅಷ್ಟೇ. ರಾತ್ರಿಯ ಗಾಯಕರ ಬಗ್ಗೆ ನಾಲ್ಕು ಪ್ಯಾರಾ, ಎರಡು ಫೋಟೋ. ಹೆಸರು ತಪ್ಪಿಲ್ಲದೆ ಬರೆಯಿರಿ ಎಂದು ಡಿಪ್ಲೊಮಾದಲ್ಲಿ ಮೊದಲ ದಿನವೇ ಕಲಿಸಿದ್ದರು. ಆ ಮ್ಯಾಳದ ಒಬ್ಬರ ಹೆಸರನ್ನೂ ನಾವು ಕೇಳಿರಲಿಲ್ಲ. ಎಲ್ಲ ತಪ್ಪನ್ನೂ ಸಂಘಟಕರ ತಲೆಗೆ ಕಟ್ಟುವುದು ಸರಿಯಲ್ಲ ಎಂದು ಇದನ್ನು ಹೇಳುತ್ತಿದ್ದೇವೆ.

ಹಾಗಾಗಿ ಕಿತ್ತೂರಿನ ಕೋಟೆಯ ಮುಂದೆ ಈ ಸಲ ಯಾವುದೇ ರಾಕ್ ತಂಡ ಬಂದರೂ ನಮ್ಮ ಬೇಡಿಕೆ ಇದು: ಅದೇ ರಾತ್ರಿ, ಅದೇ ವೇದಿಕೆ, ಅದೇ ಸೌಂಡ್‌ನಲ್ಲಿ ಈ ನಾಲ್ಕು ತಾಲ್ಲೂಕಿನ ಮ್ಯಾಳಗಳಿಗೆ, ಚೌಡಕಿ ಪದದವರಿಗೆ ಒಂದು ತಾಸು ಕೊಡಿ. ಆಮಂತ್ರಣ ಪತ್ರಿಕೆಯಲ್ಲಿ ಊರು ಸಹಿತ ಹೆಸರು ಅಚ್ಚಾಗಲಿ. ಸಂಭಾವನೆ ಅಂದೇ ಕೈಗೆ ಬರಲಿ. ಒಂದು ಪದವನ್ನು ತಂಡದವರೂ ಮ್ಯಾಳದವರೂ ಕೂಡಿ ಹಾಡಿದರೆ ಇನ್ನೂ ಛಲೋ. ಆದರೆ ಅದಕ್ಕೆ ಎರಡು ದಿನ ಮೊದಲೇ ಕೂತು ರಿಹರ್ಸಲ್ ಮಾಡಬೇಕು. ಫೋಟೋಕ್ಕಾಗಿ ಕೊನೆಯ ಐದು ನಿಮಿಷ ಅಜ್ಜನನ್ನು ಮೇಲೆ ಹತ್ತಿಸುವುದಾದರೆ ಬೇಡವೇ ಬೇಡ. ಊರಿನ ಯುವಕ ಮಂಡಳಗಳು ಈ ಬೇಡಿಕೆಯನ್ನು ಅರ್ಜಿ ಮಾಡಿ ಈಗಲೇ ತಹಶೀಲ್ದಾರರಿಗೆ ಕೊಡಬಹುದು. ಬರೆಯಲು ನಾವು ಸಹಾಯ ಮಾಡುತ್ತೇವೆ.

ಇದನ್ನೆಲ್ಲ ಚಹಾದಂಗಡಿಯ ಅಜ್ಜನಿಗೆ ಹೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಪೇಟಿಗೆ ಬ್ಯಾರೆ ಮೈಕ್ ಕೊಡ್ತಾರೇನು? ಹೋದ ಸಲ ಪೇಟಿ ಯಾರಿಗೂ ಕೇಳಿಸಲೇ ಇಲ್ಲ."