ಪಾಳುಮನೆಗೂ ಒಂದು ಊರಿದೆ

ಮೂಡಲಪಾಳ್ಯ, ಕೊಟ್ಟಿಗೆಪಾಳ್ಯ, ಅತ್ತಿಗುಪ್ಪೆ, ನಾಯಂಡಹಳ್ಳಿ, ನಾಗರಬಾವಿ. ಬೆಂಗಳೂರಿನ ಪಡುವಣ ದಿಕ್ಕಿನ ಈ ಹೆಸರುಗಳನ್ನು ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುತ್ತೇವೆ. ಪಾಳ್ಯ, ಗುಪ್ಪೆ, ಹಳ್ಳಿ, ಬಾವಿ ಎಂಬ ಬಾಲಗಳೇ ಇವು ಒಂದು ಕಾಲದ ಹಳ್ಳಿಗಳೆಂದು ಸಾರುತ್ತವೆ. ಹೆಸರು ಉಳಿಯಿತು, ಆ ಹೆಸರಿನ ಮಣ್ಣುಗೋಡೆಯ ಮನೆಗಳು ಸೈಟುಗಳಾಗಿ, ಮೂರಂತಸ್ತಿನ ಬಾಡಿಗೆ ಮನೆಗಳಾಗಿ ಕರಗಿಹೋದವು. ಈಗ ಇದೇ ಬಡಾವಣೆಗಳ ಎಳೆಯರು ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಮಾಗಡಿ, ಕುಣಿಗಲ್ ಕಡೆಗೆ ಹೊರಟು, ಹಳ್ಳಿಗಳಲ್ಲಿ ಬಿಟ್ಟುಹೋದ ಮನೆಗಳ ಚಿತ್ರ ತೆಗೆಯುತ್ತಾರೆ. ಹವ್ಯಾಸ ಒಳ್ಳೆಯದೇ. ಆದರೆ ಅಂಥ ಚಿತ್ರಗಳನ್ನು ನೋಡಿ: ಕುಸಿದ ತೊಟ್ಟಿ, ಬಿರುಕಿನಲ್ಲಿ ಚಿಗುರಿದ ಅರಳಿ, ಮುರಿದ ಸೂರಿನಿಂದ ಇಳಿದ ಬಿಸಿಲಕೋಲು. ಊರು ಯಾವುದು, ಬಾಗಿಲು ಯಾವ ದಿಕ್ಕಿಗಿತ್ತು, ತೆಗೆದದ್ದು ಎಂದು ಎಂಬುದೊಂದೂ ಬಹುಮಟ್ಟಿಗೆ ಇರುವುದಿಲ್ಲ. ಅಂಥ ಚಿತ್ರದಲ್ಲಿ ಪಾಳು ಕಾಣುತ್ತದೆ, ಮನೆ ಕಾಣುವುದಿಲ್ಲ.

ಊರು, ತಾರೀಖು ಗೊತ್ತಿದ್ದರೆ ಒಂದು ಚಿತ್ರ ಎಷ್ಟು ಹೇಳಬಲ್ಲದು ಎಂಬುದಕ್ಕೆ ಹಂಪಿಯೇ ಸಾಕ್ಷಿ. ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ, ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿದ್ದದ್ದು ಕಾಣುತ್ತದೆ. ಇಂದಿನ 50 ರೂಪಾಯಿ ನೋಟಿನ ಮೇಲಿರುವುದು ಶಿಖರ ಕಳೆದುಕೊಂಡ ರಥ. ಕಲ್ಲಿನದು ನಿಂತಿತು, ಇಟ್ಟಿಗೆ ಗಾರೆಯದು ಹೋಯಿತು. ಹೆಸರಾಂತ ದೇವಾಲಯದಲ್ಲೇ ಹೀಗಾದರೆ, ಯಾವ ಇಲಾಖೆಯ ಫಲಕವೂ ಇಲ್ಲದ ಒಕ್ಕಲು ಮನೆಯ ಮಣ್ಣುಗೋಡೆಯ ಪಾಡೇನು? ಆ ಕಾಲದ ಕ್ಯಾಮೆರಾಗಳು ಗುಡಿ, ಕೋಟೆ, ಅರಮನೆಗಳ ಮುಂದೆ ನಿಂತಷ್ಟು ರೈತನ ಜಗುಲಿಯ ಮುಂದೆ ನಿಲ್ಲಲಿಲ್ಲ. ಆ ಬಾಕಿಯನ್ನು ತೀರಿಸುವ ಅವಕಾಶ ಈಗ ಪ್ರತಿಯೊಬ್ಬರ ಜೇಬಿನಲ್ಲೂ ಇದೆ.

ಅದಕ್ಕೆ ಮನೆಯನ್ನು ಓದಲು ಬರಬೇಕು. ಮಣ್ಣಿನ ಮನೆ ಸಾಯುವುದು ತಲೆಯಿಂದ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವ ಕೆಲಸ ನಿಂತ ವರ್ಷವೇ ಅದರ ಅವಸಾನ ಶುರು. ಒಂದು ಹೆಂಚು ಸರಿದರೂ ಸಾಕು, ನೀರು ರೀಪಿಗೆ, ರೀಪಿನಿಂದ ತೊಲೆಗೆ, ತೊಲೆಯಿಂದ ಗೋಡೆಯ ನೆತ್ತಿಗೆ ಇಳಿಯುತ್ತದೆ. ನೆನೆದ ಗೋಡೆ ಜರಿಯುತ್ತದೆ. ಗಟ್ಟಿ ಮರದ ಬಾಗಿಲವಾಡ, ಕಂಬ, ಬೋದಿಗೆ ಇನ್ನಷ್ಟು ವರ್ಷ ನಿಲ್ಲುತ್ತವೆ. ಗೋಡೆಯಿಲ್ಲದೆ ಒಂಟಿಯಾಗಿ ನಿಂತ ಬಾಗಿಲು ಪಾಳುಮನೆಯ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದರಿಂದಲೇ. ನೋಡುವವರಿಗೆ ಅದು ಕಾವ್ಯ, ಬಲ್ಲವರಿಗೆ ಆ ಮನೆಯ ರೋಗಚರಿತ್ರೆ. ಬಲ್ಲವರು ಮೊದಲು ಸೂರನ್ನು ತೆಗೆಯುತ್ತಾರೆ, ಆಮೇಲೆ ಒಡೆದ ಗೋಡೆಯ ಪದರ, ನೆಲದಲ್ಲಿ ಹೂತ ಒರಳು, ಹಗೇವಿನ ಬಾಯಿ. ಬಿದ್ದ ಹೆಂಚೊಂದನ್ನು ಮಗುಚಿ ನೋಡುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದ ತರುವಾಯ ಅದು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಹೆಂಚಿನ ಮೇಲೆ ಅಚ್ಚಾದ ಹೆಸರು ಯಾವುದೆಂಬುದರಿಂದಲೇ ಸೂರಿನ ಕಾಲದ ಅಂದಾಜು ಸಿಗುತ್ತದೆ. ಎಚ್ಚರವೂ ಬೇಕು: ಹೆಂಚಿನ ಮೇಲಿನ 1865 ಎಂಬ ಇಸವಿ ಕಾರ್ಖಾನೆಯದು. ಅದನ್ನೇ ಮನೆಯ ವಯಸ್ಸೆಂದು ಬರೆದುಬಿಟ್ಟರೆ ಒಂದು ಸುಳ್ಳು ಊರೆಲ್ಲ ಓಡಾಡುತ್ತದೆ. ನಾಡಹೆಂಚನ್ನೋ ಹುಲ್ಲನ್ನೋ ಇಳಿಸಿ ಮಂಗಳೂರು ಹೆಂಚು ಹೊದಿಸಿದ ಹಳೆಯ ಮನೆಗಳಿಗೂ ಕೊರತೆಯಿಲ್ಲ.

ಚಿತ್ರ ಕಲೆ, ಅದರ ಮೇಲೆ ಮಾಹಿತಿಯ ಹೊರೆ ಏಕೆ ಎನ್ನುವವರಿದ್ದಾರೆ. ಚೆಲುವಿಗೆ ಊರ ಹೆಸರು ಭಾರವಾಗುವುದಿಲ್ಲ. ಗ್ರೀನ್‌ಲಾನ ಹಂಪಿ ಇಂದಿಗೂ ನೋಡಲು ಚೆಲುವೇ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಊರು ಹೇಳಿದರೆ ಕೆತ್ತನೆಯ ಬಾಗಿಲು, ಕಂಬಗಳಿಗೆ ಕನ್ನ ಹಾಕುವವರಿಗೆ ದಾರಿ ತೋರಿಸಿದಂತೆ. ಹಳೆಯ ಮರದ ಕೆತ್ತನೆಗೆ ನಗರದ ಹೋಟೆಲು, ಬಂಗಲೆಗಳಲ್ಲಿ ಬೆಲೆ ಇರುವುದರಿಂದ ಈ ಭಯವನ್ನು ತಳ್ಳಿಹಾಕಲಾಗದು. ಆದರೆ ವಿವರ ಬರೆದಿಡುವುದು ಬೇರೆ, ಬಹಿರಂಗಪಡಿಸುವುದು ಬೇರೆ. ಎಲ್ಲರಿಗೂ ತೋರಿಸುವ ಪ್ರತಿಯಲ್ಲಿ ತಾಲ್ಲೂಕಿನ ಹೆಸರು ಸಾಕು, ಪೂರ್ತಿ ವಿವರ ಮನೆಯವರ ಬಳಿ, ಊರ ಶಾಲೆಯಲ್ಲಿ, ಜಿಲ್ಲೆಯ ಗ್ರಂಥಾಲಯದಲ್ಲಿ ಇರಲಿ. ಕಳುವಾದ ಬಾಗಿಲನ್ನು ತಮ್ಮದೆಂದು ಸಾಧಿಸಲು ಮನೆಯವರಿಗೆ ಆ ಪ್ರತಿಯೇ ಆಧಾರವಾದೀತು. ಬೀಗ ಬಿದ್ದ ಮನೆ ಅನಾಥವೆಂದು ತಿಳಿಯುವುದೂ ತಪ್ಪು. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗದೆ, ನೋಡಿಕೊಳ್ಳುವವರು ಪಟ್ಟಣ ಸೇರಿ ಮುಚ್ಚಿದ ಬಾಗಿಲುಗಳೇ ಹೆಚ್ಚು. ಅಂಥ ಹೊಸ್ತಿಲನ್ನು ಕೇಳದೆ ದಾಟಬಾರದು. ಕೇಳಲು ಹೋದರೆ ಅನುಮತಿಯ ಜೊತೆಗೆ ಮನೆಯ ಕಥೆಯೂ ಸಿಗುತ್ತದೆ.

ಚಿತ್ರದಿಂದ ಮನೆ ಉಳಿದೀತೇ ಎಂದರೆ, ಉಳಿಯದು, ನಿಜ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್ ಹಾಗೆ ಬದುಕಿದವು. ಅದಕ್ಕೆ ಅವರು ಬಾಳನ್ನೇ ತೆತ್ತರು. ನಾಡಿನ ಎಲ್ಲ ಮನೆಗಳಿಗೂ ಒಬ್ಬೊಬ್ಬ ಶೆಣೈ ಸಿಗುವುದಿಲ್ಲ. ಸಿಗದ ಮನೆಗಳಿಗೆ ಕೊನೆಗೆ ಉಳಿಯುವುದು ಚಿತ್ರ ಮತ್ತು ಅದರ ಕೆಳಗಿನ ನಾಲ್ಕು ಸಾಲು ಮಾತ್ರ. ಮೂಡಲಪಾಳ್ಯದಂಥ ಬಡಾವಣೆಗಳಲ್ಲಿ ನೆಲೆಸಿದ ಅನೇಕರಿಗೆ ಬೇರೆಲ್ಲೋ ಒಂದು ತವರೂರಿದೆ, ಅಲ್ಲೊಂದು ಮುಚ್ಚಿದ ಮನೆಯಿದೆ. ಕ್ಯಾಮೆರಾ ಹಿಡಿದವರು ಮೊದಲು ಅಲ್ಲಿಗೆ ಹೋಗಲಿ. ಊರಿನಲ್ಲಿ ಉಳಿದ ಹಿರಿಯರನ್ನು ಜೊತೆಗೆ ಕರೆದುಕೊಂಡು, ಯಾವ ಕೋಣೆಯನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಮುಂಗಾರು ಹಿಡಿಯುವ ಮುಂಚೆ ಹೋಗಲಿ.