ಅತ್ತೆಯವರು ಕಂಡ ಕಡಲು

ವಸಂತಪುರದ ನಮ್ಮ ಮನೆಯಲ್ಲಿ ಶ್ರೀಲಂಕೆಗೆ ಹಡಗಿನಲ್ಲಿ ಹೋಗುವ ಮಾತು ಬಂದಾಗ ಮೊದಲು ಬೇಡವೆಂದವರು ಅತ್ತೆಯವರು. 1964ರ ಡಿಸೆಂಬರಿನ ಚಂಡಮಾರುತವು ಧನುಷ್ಕೋಡಿಯನ್ನು ರೈಲುಸಹಿತ ನುಂಗಿದ ಸುದ್ದಿಯನ್ನು ಅವರು ಬಾಲ್ಯದಲ್ಲಿ ಕೇಳಿದ್ದರು. ಆ ಭಯ ಇನ್ನೂ ಆರಿರಲಿಲ್ಲ.

ಧನುಷ್ಕೋಡಿಯಿಂದ ತಲೈಮನ್ನಾರಿಗೆ 1914ರಿಂದ ಹಡಗು ಓಡಾಡುತ್ತಿತ್ತು. ಆ ಬಂದರು ಅಳಿದ ಮೇಲೆ ರಾಮೇಶ್ವರದಿಂದ ಸಾಗಿದ ಸಂಚಾರವೂ ಅಂತರ್ಯುದ್ಧದ ದಿನಗಳಲ್ಲಿ ನಿಂತುಹೋಯಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಿನಂನಿಂದ ಜಾಫ್ನಾ ಬಳಿಯ ಕಾಂಕೇಸನ್‌ತುರೈಗೆ ಹಡಗು ಹೊರಟು, ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಆರಂಭವಾಯಿತು. ದೂರ ಸುಮಾರು 110 ಕಿಲೋಮೀಟರು. ನಾಲ್ಕು ಗಂಟೆಗಳ ಪಯಣ. ಓದುಗರಲ್ಲಿ ಯಾರಾದರೂ ಹೊರಡುವುದಾದರೆ ಹಿಂಗಾರಿನ ದಿನಗಳನ್ನು ನೆಚ್ಚದಿರುವುದು ಲೇಸು.

ಅಂತೂ ಅತ್ತೆಯವರನ್ನು ಒಪ್ಪಿಸಿ 2025ರ ಬೇಸಿಗೆಯಲ್ಲಿ ಹೊರಟೆವು. ಹೊಟ್ಟೆ ತೊಳಸಿದ್ದು ನಮಗೆ, ಅವರಿಗಲ್ಲ! ಸೆರಗಿನಲ್ಲಿದ್ದ ನಿಂಬೆಹಣ್ಣನ್ನು ನಮ್ಮ ಕೈಗಿತ್ತು, ಪಕ್ಕದಲ್ಲಿದ್ದ ವೃದ್ಧೆಯೊಡನೆ ಬಂದಷ್ಟು ತಮಿಳಿನಲ್ಲಿ ಮಾತಿಗೆ ಕುಳಿತರು. ಆಕೆ ಯುದ್ಧಕಾಲದಲ್ಲಿ ರಾತ್ರೋರಾತ್ರಿ ದೋಣಿಯೇರಿ ಇತ್ತ ಬಂದವರು. ಈಗ ಮಗಳೊಡನೆ ಹುಟ್ಟಿದೂರು ನೋಡಹೊರಟಿದ್ದರು. ತಾಳೆಮರಗಳ ದಡ ಕಂಡೊಡನೆ ಆಕೆ ಎದ್ದು ನಿಂತರು. ಹಡಗು ವಾಲುತ್ತಿತ್ತು. ಅತ್ತೆಯವರೂ ಎದ್ದು, ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.